ಹಳೆ ಕಾಸು ಹುಡುಕಲು ಮೆಟಲ್ ಡಿಟೆಕ್ಟರ್: ನಮ್ಮ ಕೆಮ್ಮಣ್ಣಿಗೆ ಯಾವುದು ಸರಿ?

ಮಂಡ್ಯ, ಮೈಸೂರು ಕಡೆ ಹೊಲ ಉಳುವಾಗ ಹಳೆ ಕಾಸು ಮೇಲೆ ಬರುವುದು ಹೊಸದೇನಲ್ಲ. ಟಿಪ್ಪುವಿನ ಆನೆ ಕಾಸು, ಒಡೆಯರ ಕಾಲದ ತಾಮ್ರದ ಕಾಸು, ಬ್ರಿಟಿಷರ ಕಾಲಾಣೆ, ತೂತು ಕಾಸು ಎಲ್ಲವೂ ಈ ಸೀಮೆಯಲ್ಲಿ ಕೈಯಿಂದ ಕೈಗೆ ಓಡಾಡಿದ ದುಡ್ಡು. ಈಗ ಮೆಟಲ್ ಡಿಟೆಕ್ಟರ್ ಮೊಬೈಲಿನಲ್ಲೇ ಆರ್ಡರ್ ಮಾಡಬಹುದು. ಜಾಹೀರಾತಿನಲ್ಲಿ ‘ಇಷ್ಟು ಅಡಿ ಆಳ’ ಅಂತ ನೋಡಿ ತರಿಸುತ್ತಾರೆ. ಆಮೇಲೆ ಅದು ಹೊಲದಲ್ಲಿ ಸುಮ್ನೆ ಕೀಂ ಕೀಂ ಅಂತ ಕೂಗುತ್ತಲೇ ಇರುತ್ತದೆ, ಅಟ್ಟ ಸೇರುತ್ತದೆ. ಬಹಳ ಸಲ ತಪ್ಪು ಯಂತ್ರದ್ದಲ್ಲ. ಮಣ್ಣು ನೋಡಿ ಯಂತ್ರ ಆರಿಸಬೇಕಿತ್ತು.

ಯಂತ್ರಕ್ಕೆ ಮೊದಲು ಜಾಗ

ಎಲ್ಲಿ ಹುಡುಕುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಲಿ. ನಿಮ್ಮದೇ ಹೊಲ, ಹಿತ್ತಿಲು, ಕಣ, ಹಳೆ ಮನೆ ಕೆಡವಿದ ನಿವೇಶನ ಆದರೆ ಸರಿ. ಬೇರೆಯವರ ಜಮೀನಾದರೆ ಒಪ್ಪಿಗೆ ಬೇಕು, ಅದೂ ಬರವಣಿಗೆಯಲ್ಲಿ.

ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್, ಗುಂಬಜ್, ಸೋಮನಾಥಪುರ, ತಲಕಾಡು, ಇಂಥ ಕಡೆ ಯಂತ್ರವನ್ನು ಬ್ಯಾಗಿನಿಂದ ತೆಗೆಯಲೇಬೇಡಿ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವಂತಿಲ್ಲ. ರಾಜ್ಯ ಸರ್ಕಾರ ಕಾಯುವ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ. ಊರಾಚೆಯ ಪಾಳು ಗುಡಿ, ವೀರಗಲ್ಲು, ಹಳೆ ಕೋಟೆಯ ಮಣ್ಣುಗೋಡೆಯ ಹತ್ತಿರವೂ ಹೋಗಬೇಡಿ. ಇದು ಬರೀ ಕಾನೂನಿನ ಮಾತಲ್ಲ. ಒಂದು ಕಾಸು ಯಾವ ಪದರದಲ್ಲಿತ್ತು, ಯಾವ ಮಡಕೆ ಚೂರಿನ ಜೊತೆ ಇತ್ತು ಅನ್ನುವುದರಿಂದಲೇ ಆ ನೆಲದ ಕಾಲ ಗೊತ್ತಾಗುವುದು. ಅಲ್ಲಿ ಒಂದು ಗುಂಡಿ ತೋಡಿದರೆ ಆ ಲೆಕ್ಕ ಮತ್ತೆ ಯಾರಿಗೂ ಸಿಗುವುದಿಲ್ಲ.

ಏನು ಹುಡುಕುತ್ತೀರಿ?

ಡಿಟೆಕ್ಟರಿನ ತುದಿಯಲ್ಲಿರುವ ತಟ್ಟೆಗೆ ಕಾಯಿಲ್ ಅನ್ನುತ್ತಾರೆ. ಅದು ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೆ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯ ಪ್ರತಿಕ್ರಿಯೆಯನ್ನು ಯಂತ್ರ ಹಿಡಿದು ಶಬ್ದ ಮಾಡುತ್ತದೆ.

ಇಲ್ಲಿ ಫ್ರೀಕ್ವೆನ್ಸಿಯ ಮಾತು ಬರುತ್ತದೆ, ಅಂದರೆ ಆ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಅದಲುಬದಲಾಗುತ್ತದೆ ಅನ್ನುವ ಲೆಕ್ಕ. 5ರಿಂದ 10 ಕಿಲೋಹರ್ಟ್ಸ್ ಆಸುಪಾಸಿನ ಯಂತ್ರಗಳು ದಪ್ಪ ತಾಮ್ರ, ಬೆಳ್ಳಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಟಿಪ್ಪುವಿನ ಆನೆ ಪೈಸೆ ಸುಮಾರು 11 ಗ್ರಾಂ ತಾಮ್ರ. ಬ್ರಿಟಿಷರ ಬೆಳ್ಳಿ ರೂಪಾಯಿ 11.66 ಗ್ರಾಂ. ಇವಕ್ಕೆ ಕಡಿಮೆ ಫ್ರೀಕ್ವೆನ್ಸಿ ಸಾಕು. ಆದರೆ ಕಂಠೀರವ ನರಸರಾಜ ಒಡೆಯರ ಕಾಲದಿಂದ ಬಂದ ಕಂಠೀರಾಯಿ ಹಣ ಅನ್ನುವ ನಾಣ್ಯ ನೋಡಿ. ಚಿನ್ನದ್ದೇ, ಆದರೆ ಕಡಲೆಬೇಳೆಯಷ್ಟು ಗಾತ್ರ, ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಗದ್ದೆಯಲ್ಲಿ ಬಿದ್ದುಹೋದ ಮೂಗುತಿಯೂ ಹಾಗೇ. ಇಷ್ಟು ಸಣ್ಣದಕ್ಕೆ 15 ಕಿಲೋಹರ್ಟ್ಸ್ ಮೇಲಿನದು ಬೇಕು. ಎರಡೂ ಬೇಕು ಅನ್ನುವವರಿಗೆ ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಯಂತ್ರಗಳಿವೆ. ಬೆಲೆ ಜಾಸ್ತಿ.

ಕೆಮ್ಮಣ್ಣಿನ ಪರೀಕ್ಷೆ

ನಮ್ಮ ಮಣ್ಣು ಕೆಂಪಗಿರುವುದೇ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಮಣ್ಣಿನ ಆ ಕಬ್ಬಿಣಕ್ಕೂ ಯಂತ್ರ ಕೂಗುತ್ತದೆ. ಅದಕ್ಕೇ ‘ಗ್ರೌಂಡ್ ಬ್ಯಾಲೆನ್ಸ್’ ಅನ್ನುವ ಸೌಲಭ್ಯ ಇರುತ್ತದೆ. ಮಣ್ಣಿನ ಸದ್ದನ್ನು ಕಳೆದು ಲೋಹದ ಸದ್ದನ್ನಷ್ಟೇ ಉಳಿಸುವ ಕೆಲಸ ಅದರದ್ದು. ನಾನು ಒಂದೇ ಒಂದು ಸಲಹೆ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ: ಗ್ರೌಂಡ್ ಬ್ಯಾಲೆನ್ಸ್ ನಾವೇ ಹೊಂದಿಸುವಂತಿರಬೇಕು, ಇಲ್ಲಾ ಯಂತ್ರವೇ ಮಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳುವಂತಿರಬೇಕು. ಕಾರ್ಖಾನೆಯಲ್ಲೇ ಒಂದು ಮಟ್ಟಕ್ಕೆ ನಿಲ್ಲಿಸಿಬಿಟ್ಟದ್ದು ಬೇಡ.

ಗ್ಯಾರೆಟ್ ಏಸ್ 300ಐ ಒಳ್ಳೆಯ ಹೆಸರಿನ, 8 ಕಿಲೋಹರ್ಟ್ಸ್‌ನ ಹಗುರ ಯಂತ್ರ. ಆದರೆ ಅದರ ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯದ್ದೇ. ನೋಕ್ಟಾ ಸಿಂಪ್ಲೆಕ್ಸ್ 12 ಕಿಲೋಹರ್ಟ್ಸ್‌ನದು, ಬ್ಯಾಲೆನ್ಸ್ ನಾವೇ ಮಾಡಿಕೊಳ್ಳಬಹುದು. ಮೈನ್‌ಲ್ಯಾಬ್ ವ್ಯಾಂಕ್ವಿಶ್ ಹಲವು ಫ್ರೀಕ್ವೆನ್ಸಿಯದು, ತಾನಾಗೇ ಹೊಂದಿಸಿಕೊಳ್ಳುತ್ತದೆ. ಹೊಸಬರು ಕೆಮ್ಮಣ್ಣಿಗೆ ಕೊಳ್ಳುವುದಾದರೆ ಕೊನೆಯ ಎರಡರಲ್ಲಿ ಒಂದನ್ನು ನೋಡಲಿ ಅನ್ನುವುದು ನನ್ನ ಅಭಿಪ್ರಾಯ.

ಹೊಂದಿಸುವ ಕ್ರಮ ಸುಲಭ. ಲೋಹ ಇಲ್ಲದ ಒಂದು ಮೊಳ ಜಾಗ ನೋಡಿಕೊಳ್ಳಿ. ಬ್ಯಾಲೆನ್ಸ್ ಗುಂಡಿ ಒತ್ತಿ ಹಿಡಿದು, ಕಾಯಿಲನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತುತ್ತಾ ಇಳಿಸುತ್ತಾ ಹೋಗಿ. ಎತ್ತಿ ಇಳಿಸಿದರೂ ಸದ್ದು ಬದಲಾಗದೆ ನಿಂತಿತು ಅಂದರೆ ಆಯಿತು. ಕೆಮ್ಮಣ್ಣಿನ ಹೊಲದಿಂದ ನಾಲೆ ಬಯಲಿನ ಗದ್ದೆಗೆ ಇಳಿದಾಗ ಮತ್ತೆ ಮಾಡಬೇಕು. ಮಣ್ಣು ಬದಲಾಗಿರುತ್ತದೆ ಅಲ್ವಾ.

ಪಲ್ಸ್ ಇಂಡಕ್ಷನ್ ಅಂತ ಇನ್ನೊಂದು ಬಗೆ ಇದೆ, ಕಾಂತಕ್ಷೇತ್ರವನ್ನು ಮಿಡಿತದಂತೆ ಬಿಟ್ಟು ಬಿಟ್ಟು ಕಳಿಸುವಂಥದ್ದು. ಮಣ್ಣಿನ ಕಬ್ಬಿಣಕ್ಕೆ ಅಷ್ಟಾಗಿ ಕೇರ್ ಮಾಡುವುದಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಮೊಳೆ ಯಾವುದು, ಕಾಸು ಯಾವುದು ಅಂತ ಬೇರೆ ಮಾಡುವುದರಲ್ಲಿ ಹಿಂದೆ. ಎತ್ತಿನ ಲಾಳ, ಗಾಡಿಯ ಪಟ್ಟಿ, ನೇಗಿಲ ಗುಳದ ಚೂರು ತುಂಬಿದ ನಮ್ಮ ಹೊಲಕ್ಕೆ ಅದು ಬೇಡ.

ಕಬ್ಬಿಣ ಬೇಡ ಅಂದರೆ ರೂಪಾಯಿಯೂ ಹೋಗುತ್ತದೆ

‘ಡಿಸ್ಕ್ರಿಮಿನೇಷನ್’ ಅಂದರೆ ಬೇಡದ ಲೋಹಕ್ಕೆ ಕೂಗದಂತೆ ಮಾಡುವುದು. ಹೊರದೇಶದ ವಿಡಿಯೊಗಳಲ್ಲಿ ಕಬ್ಬಿಣವನ್ನು ಪೂರ್ತಿ ಮುಚ್ಚಿಬಿಡಿ ಅನ್ನುತ್ತಾರೆ. ನಮ್ಮಲ್ಲಿ ಅದು ಹಾಗೇ ನಡೆಯುವುದಿಲ್ಲ. 1992ರಿಂದ ಬಂದ ಸಣ್ಣ ಒಂದು ರೂಪಾಯಿ ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲಿನದು: 83 ಭಾಗ ಕಬ್ಬಿಣ, 17 ಭಾಗ ಕ್ರೋಮಿಯಂ. ಹೊಳೆಗೆ ಎಸೆದ ಕಾಸನ್ನು ಹುಡುಗರು ದಾರಕ್ಕೆ ಅಯಸ್ಕಾಂತ ಕಟ್ಟಿ ಎತ್ತುವುದು ಇದರಿಂದಲೇ ಸಾಧ್ಯ. ಹಳೆಯ ತಾಮ್ರ, ಬೆಳ್ಳಿ ಆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನೀವು ಹುಡುಕುವುದು ಹಳೆ ಕಾಸನ್ನೇ ಆದರೆ ಸ್ಟೀಲ್ ರೂಪಾಯಿ ಹೋದರೆ ಹೋಗಲಿ. ಆದರೆ 1947ರ ನಿಕಲ್ ರೂಪಾಯಿಯೂ ಅಯಸ್ಕಾಂತಕ್ಕೆ ಅಂಟುವಂಥದ್ದು, ಅದು ನೆನಪಿರಲಿ.

ಎತ್ತಿನ ಲಾಳ ಇಲ್ಲಿ ದೊಡ್ಡ ಮೋಸಗಾರ. ಯಾವ ಲೋಹ ಅಂತ ಊಹಿಸಲು ಯಂತ್ರ ಪರದೆಯ ಮೇಲೆ ಒಂದು ನಂಬರ್ ಕೊಡುತ್ತದೆ; ಚಪ್ಪಟೆ ಕಬ್ಬಿಣ ಎಷ್ಟೋ ಸಲ ಬೆಳ್ಳಿಯಷ್ಟೇ ಮೇಲಿನ ನಂಬರ್ ತೋರಿಸುತ್ತದೆ. ಅನುಮಾನ ಬಂದರೆ ತಿರುಗಿ ನಿಂತು ಇನ್ನೊಂದು ದಿಕ್ಕಿನಿಂದ ಕಾಯಿಲ್ ಆಡಿಸಿ. ಕಾಸಾದರೆ ಎರಡೂ ಕಡೆಯಿಂದ ನಂಬರ್ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಸದ್ದು ದುಂಡಗೆ ಕೇಳುತ್ತದೆ. ಲಾಳವಾದರೆ ನಂಬರ್ ಕುಣಿಯುತ್ತದೆ, ಸದ್ದು ಅಂಚಿನಲ್ಲಿ ಹರಿಯುತ್ತದೆ. ಹಾಗಾಗಿ ಪರದೆಯ ಮೇಲೆ ನಂಬರ್ ತೋರಿಸುವ, ಬೇರೆ ಬೇರೆ ಲೋಹಕ್ಕೆ ಬೇರೆ ಸ್ವರ ಕೊಡುವ ಯಂತ್ರವನ್ನೇ ಕೊಳ್ಳಿ.

ಕಾಯಿಲ್ ವಿಷಯ ಚಿಕ್ಕದು. ಒಳಗೆ ಇಂಗ್ಲಿಷಿನ D ಆಕಾರದ ಎರಡು ಸುರುಳಿ ಇರುವ ಡಬಲ್ ಡಿ ಬಗೆಯದು ಕೆಮ್ಮಣ್ಣಿಗೆ ಸರಿ. ಬಯಲಿಗೆ 11 ಇಂಚು, ಕಸ ಜಾಸ್ತಿ ಇರುವ ಹಿತ್ತಿಲಿಗೆ 6 ಇಂಚು. ಪಂಪ್‌ಸೆಟ್ಟಿನ ತಂತಿ ಹತ್ತಿರ ಯಂತ್ರ ಸುಮ್ಮಸುಮ್ಮನೆ ಕೂಗಿದರೆ ಸೆನ್ಸಿಟಿವಿಟಿ, ಅಂದರೆ ಯಂತ್ರದ ಸೂಕ್ಷ್ಮತೆ, ಇಳಿಸಿ.

ನಿಧಿ ತೋರಿಸುವ ಕಡ್ಡಿ

ಆಂಟೆನಾ ಕಡ್ಡಿ ತಾನಾಗಿ ತಿರುಗಿ ದೂರದ ಚಿನ್ನ ತೋರಿಸುತ್ತದೆ ಅಂತ ಮಾರುವ ಯಂತ್ರಗಳಿಗೆ ಒಂದು ರೂಪಾಯಿ ಕೂಡ ಕೊಡಬೇಡಿ. ಇದೇ ತರಹದ ಕಡ್ಡಿಯನ್ನು ಎಡಿಇ 651 ಅನ್ನುವ ಹೆಸರಿನಲ್ಲಿ ಬಾಂಬ್ ಪತ್ತೆ ಯಂತ್ರ ಅಂತ ಇರಾಕಿಗೆ ಮಾರಿದ ವ್ಯಕ್ತಿಗೆ ಬ್ರಿಟನ್ನಿನಲ್ಲಿ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಅದರೊಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. ಒಳ್ಳೆಯ ಡಿಟೆಕ್ಟರ್ ಕೂಡ ಒಂದು ಕಾಸನ್ನು ಸಾಮಾನ್ಯವಾಗಿ ಒಂದು ಗೇಣು ಆಳದವರೆಗಷ್ಟೇ ಹಿಡಿಯುತ್ತದೆ. ನಿಧಿ ಆಸೆಗೆ ಮನೆ, ಒಡವೆ ಕಳೆದುಕೊಂಡವರ ಕಷ್ಟ ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಸಾಧ್ಯವಾದರೆ ಅಂಗಡಿಗೇ ಹೋಗಿ. ಜೇಬಿನಲ್ಲಿ ಒಂದು ಕಾಲಾಣೆ, ಒಂದು ಸ್ಟೀಲ್ ರೂಪಾಯಿ, ಒಂದು ತುಕ್ಕು ಮೊಳೆ, ಒಂದು ಸೋಡಾ ಮುಚ್ಚಳ ಇರಲಿ. ಒಂದೊಂದನ್ನೇ ಕಾಯಿಲ್ ಮುಂದೆ ಆಡಿಸಿ, ನಂಬರ್ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ಹಿತ್ತಿಲಲ್ಲಿ ಅವನ್ನೇ 5, 10, 15, 20 ಸೆಂಟಿಮೀಟರ್ ಆಳಕ್ಕೆ ಹೂತು, ಕಡ್ಡಿ ನೆಟ್ಟು ಗುರುತು ಮಾಡಿ. ಯಾವ ಆಳದಲ್ಲಿ ಸದ್ದು ಹೇಗೆ ಸೊರಗುತ್ತದೆ ಅಂತ ಕಿವಿಗೆ ಕೂರುವವರೆಗೂ ಅಲ್ಲೇ ಆಡಿಸಿ. ಗುಂಡಿಯೊಳಗೆ ಕಾಸನ್ನು ಹುಡುಕಿಕೊಡುವ ಗೇಣುದ್ದದ ಪಿನ್‌ಪಾಯಿಂಟರ್ ಒಂದಿದ್ದರೆ ಅಗೆತ ಅರ್ಧ ಕಡಿಮೆ.

ನಿಜವಾಗಿ ಏನಾದರೂ ಸಿಕ್ಕಿದರೆ? ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. 1878ರ ಕೇಂದ್ರ ಕಾಯ್ದೆ, ನಮ್ಮ ರಾಜ್ಯದ 1962ರ ನಿಧಿ ಕಾಯ್ದೆ ಎರಡೂ ಇದಕ್ಕೇ ಇರುವುದು. ಬಚ್ಚಿಟ್ಟುಕೊಂಡರೆ ಶಿಕ್ಷೆ ಇದೆ. ಒಂದಕ್ಕಿಂತ ಜಾಸ್ತಿ ಕಾಸು ಒಟ್ಟಿಗೆ ಕಂಡರೆ, ಮಡಕೆಯ ಕಂಠ ಕಂಡರೆ, ಅಲ್ಲಿಗೇ ಅಗೆತ ನಿಲ್ಲಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಎಷ್ಟು ಆಳ, ಯಾವ ಸರ್ವೆ ನಂಬರ್, ಯಾವ ದಿನ ಅಂತ ಬರೆದಿಡಿ. ಬಿಡಿ ಕಾಸು ಕೈಗೆ ಬಂದಿದ್ದರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ನಿಂಬೆಹುಳಿಯೂ ಬೇಡ. ಹುಳಿ ತಾಮ್ರದ ಮೇಲ್ಪದರವನ್ನೇ ತಿಂದು, ಆನೆಯ ಚಿತ್ರವನ್ನೂ ಕಾಸಿನ ಮೇಲಿನ ಅಕ್ಷರವನ್ನೂ ಸವೆಸಿಬಿಡುತ್ತದೆ. ಮಣ್ಣಿನ ಸಮೇತ ಒಂದು ಕಾಗದದಲ್ಲಿ ಸುತ್ತಿ, ಬರೆದಿಟ್ಟ ಚೀಟಿಯ ಜೊತೆ ಜಿಲ್ಲಾಧಿಕಾರಿಯ ಕಚೇರಿಗೆ ಒಯ್ಯಿರಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.