ಇಪ್ಪತ್ತೈದು ಬ್ರಾಯ್ಲರ್, ಒಂದು ಕಿಲೋ ಮಾಂಸದ ಲೆಕ್ಕ

ಪುಣೆಯ ಹೊರಗೆ, ಸಾಸವಡ ಕಡೆಯ ಜಾಗದಲ್ಲಿ ಮನೆಮಟ್ಟಿಗೆ ಬ್ರಾಯ್ಲರ್ ಸಾಕುತ್ತೇವೆ. ವಿಜಯಪುರದಿಂದ ಬಂದ ನೆಂಟರು ಗೂಡು ನೋಡಿದ ಕೂಡಲೇ ಕೇಳುವುದು ಒಂದೇ: “ಅಂಗಡಿಗಿಂತ ಅಗ್ಗ ಬೀಳತದೇನ್ರಿ?” ಬೀಳುತ್ತದೆ, ಆದರೆ ಸ್ವಲ್ಪವೇ. ಅದೂ ನಮ್ಮ ಮೈದುಡಿಮೆಗೆ ಬೆಲೆ ಕಟ್ಟದಿದ್ದರೆ. ಲೆಕ್ಕ ಹಾಕುವಾಗ ಹೆಚ್ಚಿನವರು ಜೀವಂತ ಕೋಳಿಯ ತೂಕ ಹಿಡಿಯುತ್ತಾರೆ. ಪಾತ್ರೆಗೆ ಬೀಳುವ ಮಾಂಸದ ತೂಕ ಹಿಡಿದರೆ ಚಿತ್ರವೇ ಬೇರೆ.

ಮರಿಗಳಿಂದ ಶುರು ಮಾಡೋಣ. ಹ್ಯಾಚರಿಯವರು ನೂರರ ಪೆಟ್ಟಿಗೆಯಲ್ಲೇ ಕೊಡುತ್ತಾರೆ. ಇಪ್ಪತ್ತೈದು-ಮೂವತ್ತು ಬೇಕಾದವರು ಫೀಡ್ ಅಂಗಡಿಯಿಂದ ಬಿಡಿಯಾಗಿ ತರಬೇಕು, ಬೆಲೆ ಹೆಚ್ಚು. ಮರಿಗೆ 45 ರೂಪಾಯಿಯಂತೆ 27 ಮರಿಗೆ 1,215. ಎರಡು ಸಾಯುತ್ತವೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ನಾಲ್ಕು ಮನೆಯವರು ಸೇರಿ ಒಂದು ಪೆಟ್ಟಿಗೆ ಹಂಚಿಕೊಂಡರೆ ಮರಿಯ ಖರ್ಚೂ ಇಳಿಯುತ್ತದೆ, ಲಸಿಕೆಯ ಖರ್ಚೂ ಇಳಿಯುತ್ತದೆ. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದ್ದು. ಒಮ್ಮೆ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ದಂಡ. 5ರಿಂದ 7ನೇ ದಿನ ಲಸೋಟಾ, ಅಂದರೆ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೆ ಒಂದು ಹನಿ. 14ನೇ ದಿನದ ಸುಮಾರಿಗೆ ಗಂಬೋರೊ ರೋಗದ ಲಸಿಕೆ, ಕುಡಿಯುವ ನೀರಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ ಲಸಿಕೆಯನ್ನು ಕೊಲ್ಲುತ್ತದೆ, ಹಾಗಾಗಿ ಬಾವಿ ನೀರು ಬಳಸಿ, ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ. ಲಸಿಕೆಗೆ 350, ವಿಟಮಿನ್ ಮತ್ತು ಔಷಧಿಗೆ 250 ಹಿಡಿಯಿರಿ.

ಮೊದಲ ವಾರ ಮರಿಗಳ ಮಟ್ಟದಲ್ಲಿ 33 ಡಿಗ್ರಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತ ಹೋಗಿ. ಮರಿಗೆ 2 ವಾಟ್ ಲೆಕ್ಕದಲ್ಲಿ ಒಂದು 60 ವಾಟ್ ಬಲ್ಬು ಸಾಕು. ಡಿಸೆಂಬರ್ ಚಳಿಗೆ ಎರಡು ಹಾಕಿ. ಎಲ್‌ಇಡಿ ಬೇಡ, ಅದರಲ್ಲಿ ಬೆಳಕು ಬಿಟ್ಟರೆ ಕಾವಿಲ್ಲ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಓಡಿ ಬಾಯ್ದೆರೆದರೆ ಸೆಖೆ. ಕರೆಂಟಿಗೆ 150. ನೆಲಕ್ಕೆ ಹಾಸಲು ಎರಡು ಚೀಲ ಭತ್ತದ ಹೊಟ್ಟು, 200. ಮಾವಳ, ಭೋರ್ ಕಡೆಯ ಅಕ್ಕಿ ಗಿರಣಿಗಳಲ್ಲಿ ಸಿಗುತ್ತದೆ.

ದುಡ್ಡು ನಿಜವಾಗಿ ಹೋಗುವುದು ಮೇವಿಗೆ. 38 ದಿನಕ್ಕೆ 2.1 ಕಿಲೋ ತೂಗುವ ಹಕ್ಕಿ ಮನೆಯ ಗೂಡಿನಲ್ಲಿ 3.6 ಕಿಲೋ ತಿನ್ನುತ್ತದೆ: ಮೊದಲ ದಿನಗಳ ಮೇವು ಪ್ರೀಸ್ಟಾರ್ಟರ್ 400 ಗ್ರಾಂ, ಆಮೇಲಿನ ಸ್ಟಾರ್ಟರ್ 1.1 ಕಿಲೋ, ಉಳಿದದ್ದು ಕೊನೆಯವರೆಗಿನ ಫಿನಿಶರ್. 25 ಹಕ್ಕಿಗೆ ಒಟ್ಟು 90 ಕಿಲೋ. ಬಿಡಿ ಫೀಡ್ ಕಿಲೋಗೆ 46 ಹಿಡಿದರೆ 4,140 ರೂಪಾಯಿ. ಇಲ್ಲಿ ಸೋರುವ ಹಣವೇ ಹೆಚ್ಚು. ಫೀಡರ್ ಅಂಚು ಕೋಳಿಯ ಬೆನ್ನಿನ ಎತ್ತರಕ್ಕಿರಲಿ, ಮೂರನೇ ಒಂದು ಭಾಗಕ್ಕಿಂತ ತುಂಬಬೇಡಿ. ತುಂಬಿದರೆ ಕೊಕ್ಕಿನಿಂದ ಕೆದರಿ ಹೊಟ್ಟಿಗೆ ಚೆಲ್ಲುತ್ತವೆ. ಖರ್ಚು ಇಳಿಸಲು ಜೋಳದ ನುಚ್ಚು ಬೆರೆಸುವವರಿದ್ದಾರೆ. ಪ್ರೋಟೀನ್ ಇಳಿದು ಹಕ್ಕಿ ನಿಧಾನವಾಗುತ್ತದೆ, ಉಳಿಸಿದ್ದು ಹೆಚ್ಚುವರಿ ದಿನಗಳ ಮೇವಿಗೇ ಹೋಗುತ್ತದೆ.

ಇಲ್ಲಿಯವರೆಗೆ 6,305. ಕೊಯ್ಯುವ ಖರ್ಚು ಐಸು, ಗ್ಯಾಸು, ಚೀಲ ಸೇರಿ 480. ಒಟ್ಟು 6,785. 25 ಹಕ್ಕಿ, 52.5 ಕಿಲೋ ಜೀವಂತ ತೂಕ. ಚರ್ಮಸಹಿತ 72 ಶೇಕಡಾ ಹಿಡಿದರೆ 37.8 ಕಿಲೋ ಮಾಂಸ, ಕಿಲೋಗೆ 180 ರೂಪಾಯಿ. ಚರ್ಮ ಸುಲಿದರೆ 65 ಶೇಕಡಾ, ಕಿಲೋಗೆ 199. ಲಿವರ್, ಗುಂಡಿಗೆ, ಕಂದನಕಾಯಿ ಲಾಭ ಅಂದುಕೊಳ್ಳಿ. ಗೂಡು, ಜಾಲರಿ, ಡ್ರಿಂಕರ್ ಇದರಲ್ಲಿ ಸೇರಿಲ್ಲ.

38ನೇ ದಿನಕ್ಕೇ ಎಲ್ಲವನ್ನೂ ಕೊಯ್ಯಬೇಕೆಂದಿಲ್ಲ. ಮುಂದಿನ ಒಂದು ವಾರಕ್ಕೆ ಹಕ್ಕಿ 1.26 ಕಿಲೋ ತಿಂದು 550 ಗ್ರಾಂ ಏರುತ್ತದೆ. ಅಂದರೆ 58 ರೂಪಾಯಿ ಮೇವಿಗೆ 400 ಗ್ರಾಂ ಮಾಂಸ, ಕಿಲೋಗೆ 146. ಸರಾಸರಿಗಿಂತ ಅಗ್ಗ. ಏಕೆಂದರೆ ಮರಿ, ಲಸಿಕೆ, ಬಲ್ಬಿನ ಖರ್ಚು ಆಗಲೇ ಮುಗಿದಿದೆ. ಅದರ ಮುಂದಿನ ವಾರ ಹೀಗಾಗುವುದಿಲ್ಲ: 1.4 ಕಿಲೋ ಮೇವಿಗೆ ಸಿಗುವ ಮಾಂಸ 320 ಗ್ರಾಂ, ಕಿಲೋಗೆ 200ರ ಆಸುಪಾಸು. ಕಾಲು ಸೋಲುವುದು, ಹೃದಯ ನಿಂತು ಸಾಯುವುದು ಕೂಡ ಆಗಲೇ ಜಾಸ್ತಿ. ಹಾಗಾಗಿ 38, 42, 45ನೇ ದಿನ ಎಂಟೊಂಬತ್ತರಂತೆ ಕೊಯ್ಯುವುದೇ ಸರಿ. ಉಳಿದವಕ್ಕೆ ಜಾಗವೂ ಆಗುತ್ತದೆ, ಮನೆಯ ಫ್ರಿಜ್ಜಿಗೂ ಹಿಡಿಸುತ್ತದೆ. ಏಪ್ರಿಲ್-ಮೇನಲ್ಲಿ ಮಾತ್ರ ಕಾಯಬೇಡಿ. ಮಧ್ಯಾಹ್ನದ ಝಳಕ್ಕೆ ಮೊದಲು ಬೀಳುವುದು ದೊಡ್ಡ ಹಕ್ಕಿಯೇ, ಒಂದು ಸತ್ತರೆ ಇನ್ನೂರು ರೂಪಾಯಿಗೂ ಮೇಲೆ ಹೋಯಿತು. ಆ ತಿಂಗಳು ಹತ್ತರಿಂದ ನಾಲ್ಕರವರೆಗೆ ಮೇವು ತೆಗೆಯಿರಿ, ನೀರು ತಂಪಾಗಿಡಿ.

ಮರಿ ಯಾವಾಗ ತರಬೇಕು ಎಂಬುದೂ ದುಡ್ಡಿನ ಮಾತೇ. ಆಷಾಢದ ಅಮಾವಾಸ್ಯೆ ಇಲ್ಲಿ ಗಟಾರಿ, ಅಂದರೆ ಶ್ರಾವಣದ ವ್ರತಕ್ಕೆ ಮುಂಚಿನ ಕೊನೆಯ ಬಾಡೂಟ, ಕೋಳಿ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಅದಕ್ಕೆ ನಲವತ್ತು ದಿನ ಮುಂಚೆ ಮರಿ ತುಟ್ಟಿ. ಶ್ರಾವಣದಲ್ಲಿ ತೂಕಕ್ಕೆ ಬರುವ ಮರಿ ಯಾರಿಗೂ ಬೇಡ, ಅಗ್ಗವಾಗಿ ಸಿಗುತ್ತದೆ. ಆದರೆ ಅದು ಬೆಳೆಯುವುದು ಮಳೆಯಲ್ಲಿ: ಹೊಟ್ಟು ಒದ್ದೆಯಾದರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ, ಹಿಕ್ಕೆಯಲ್ಲಿ ರಕ್ತ. ಡ್ರಿಂಕರ್ ಕೆಳಗೆ ಇಟ್ಟಿಗೆ ಇಟ್ಟು, ಒದ್ದೆ ಹೊಟ್ಟನ್ನು ದಿನಾ ತೆಗೆದು ಸುಣ್ಣ ಬೆರೆಸುವ ತಾಳ್ಮೆ ಇದ್ದರೆ ಮಾತ್ರ ಆ ಅಗ್ಗ ದಕ್ಕುತ್ತದೆ.

ಕೊಯ್ಯುವ ಹಿಂದಿನ ರಾತ್ರಿ ಒಂಬತ್ತಕ್ಕೆ ಮೇವು ತೆಗೆಯಿರಿ, ನೀರು ಇರಲಿ. ಕರುಳು ಖಾಲಿಯಾಗಿದ್ದರೆ ಹೊಟ್ಟೆ ಬಿಡಿಸುವಾಗ ಹೊಲಸು ಮಾಂಸಕ್ಕೆ ತಾಗುವುದಿಲ್ಲ. ಎಣ್ಣೆಯ 5 ಲೀಟರ್ ಕ್ಯಾನಿನ ತಳ, ಬಾಯಿ ಕತ್ತರಿಸಿ ಗೋಡೆಗೆ ತಲೆಕೆಳಗಾಗಿ ಹೊಡೆದರೆ ಹಕ್ಕಿಯನ್ನು ತಲೆ ಕೆಳಗಾಗಿ ಇಳಿಸಿ ಕೊಯ್ಯುವ ಕೋನ್ ಸಿದ್ಧ. ರೆಕ್ಕೆ ಬಡಿಯುವುದಿಲ್ಲ, ರಕ್ತ ಎರಡು ನಿಮಿಷದಲ್ಲಿ ಇಳಿಯುತ್ತದೆ. ಪುಕ್ಕ ತೆಗೆಯಲು ನೀರು 60 ಡಿಗ್ರಿ ಬೇಕು. ಕುದಿಯುವ ನೀರು, ನಲ್ಲಿ ನೀರು ಸಮಸಮ ಬೆರೆಸಿದರೆ ಹತ್ತಿರ ಬರುತ್ತದೆ. ಮುಕ್ಕಾಲು ನಿಮಿಷ ಅದ್ದಿ, ರೆಕ್ಕೆಯ ದೊಡ್ಡ ಗರಿ ಎಳೆದು ನೋಡಿ, ಸಲೀಸಾಗಿ ಬಂದರೆ ಸಾಕು. 65 ದಾಟಿದರೆ ಚರ್ಮ ಹರಿಯುತ್ತದೆ. ಲಿವರಿನ ಹಸಿರು ಪಿತ್ತಕೋಶ ಒಡೆಯದಂತೆ, ಸ್ವಲ್ಪ ಲಿವರ್ ಹೋದರೂ ಸರಿ, ದೂರದಿಂದ ಕತ್ತರಿಸಿ.

ಕೊಯ್ದ ಮಾಂಸ ತಣಿಸಲು ಹಕ್ಕಿಗೆ ಒಂದು ಕಿಲೋ ಐಸು ಬೇಕು. ವಾರ ಮೊದಲೇ 2 ಲೀಟರ್ ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿಟ್ಟರೆ ಆ ಖರ್ಚೂ ಅರ್ಧವಾಗುತ್ತದೆ. ತಣಿದ ಮೇಲೆ ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಆಮೇಲೆ ಫ್ರೀಜರಿಗೆ ಹಾಕಿ. ಬಿಸಿಬಿಸಿಯಾಗಿ ಹೆಪ್ಪುಗಟ್ಟಿಸಿದ ಮಾಂಸ ಎಷ್ಟು ಬೇಯಿಸಿದರೂ ಚರ್ಮದ ಚಪ್ಪಲಿ. ಪುಕ್ಕ, ಕರುಳು, ರಕ್ತಕ್ಕೆ ಮೂರು ಅಡಿ ಆಳದ ಗುಂಡಿ, ಮೇಲೆ ಸುಣ್ಣ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಚಪ್ಪಡಿ ಕಲ್ಲು. ಇಲ್ಲದಿದ್ದರೆ ನಾಯಿಗಳು ರಾತ್ರಿಯೇ ಕೆದರುತ್ತವೆ.