ರಸ್ಟ್: ಎಲ್ಸ್‌ಗೆ ಬಂದರೂ ಲಾಕ್ ಬಿಡದ ಇಫ್ ಲೆಟ್

ರಸ್ಟ್ ಭಾಷೆಯಲ್ಲಿ ಬರೆದ ನನ್ನ ಕೋಡ್ ಕಂಪೈಲ್ ಆಗುತ್ತದೆ, ಒಂದು ವಾರ್ನಿಂಗ್ ಕೂಡ ಇಲ್ಲ. ಓಡಿಸಿದರೆ ಪ್ರೋಗ್ರಾಂ ಸುಮ್ನೆ ನಿಂತುಬಿಡುತ್ತದೆ. ಸಿಪಿಯು ಬಳಕೆ ಸೊನ್ನೆ, ಪ್ಯಾನಿಕ್ ಮೆಸೇಜೂ ಇಲ್ಲ. ಇದಕ್ಕಿಂತ ಕ್ರ್ಯಾಶ್ ಆಗುವುದೇ ಎಷ್ಟೋ ವಾಸಿ.

ಜಿಡಿಬಿ ಎಂಬ ಡೀಬಗರ್ ಅಟ್ಯಾಚ್ ಮಾಡಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ತೆಗೆದೆ. ಒಂದು ಥ್ರೆಡ್ ಫ್ಯೂಟೆಕ್ಸ್ ವೇಯ್ಟ್‌ನಲ್ಲಿ, ಅಂದರೆ ಲಾಕ್ ಸಿಗಲೆಂದು ಕಾಯುತ್ತಾ ಕೂತಿತ್ತು. ಅದರ ಹಿಂದಿನ ಫ್ರೇಮ್ ನೋಡಿದರೆ, ಲಾಕ್ ಹಿಡಿದಿದ್ದೂ ಅದೇ ಥ್ರೆಡ್! ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ ಹಾಗೆ.

ಕೋಡ್ ಇಷ್ಟೇ. ಇಫ್ ಲೆಟ್ ಸಾಲಿನಲ್ಲೇ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಸಿಗುವ ಬೀಗ) ಲಾಕ್ ಮಾಡಿ ಕ್ಯಾಶ್‌ನಲ್ಲಿ ಕೀ ಹುಡುಕುತ್ತದೆ. ಸಿಗದಿದ್ದರೆ ಎಲ್ಸ್‌ನಲ್ಲಿ ಒಂದು ಫಂಕ್ಷನ್ ಕರೆಯುತ್ತದೆ, ಅದು ಅದೇ ಮ್ಯೂಟೆಕ್ಸನ್ನು ಮತ್ತೆ ಲಾಕ್ ಮಾಡುತ್ತದೆ. ನೋಡಲು ಸರಿಯಾಗೇ ಇದೆ ಅಲ್ವಾ? ಆದರೆ ರಸ್ಟ್ ಭಾಷೆಯ 2021ರ ಎಡಿಷನ್‌ನಲ್ಲಿ ಆ ತಾತ್ಕಾಲಿಕ ಗಾರ್ಡ್ (ತಾನು ಡ್ರಾಪ್ ಆಗುವವರೆಗೆ ಲಾಕ್ ಹಿಡಿದಿಡುವ ವಸ್ತು) ಎಲ್ಸ್ ಮುಗಿಯುವವರೆಗೂ ಡ್ರಾಪ್ ಆಗುವುದಿಲ್ಲ.

ಹುಡುಕುವ ಕೆಲಸವನ್ನು ಬೇರೆ ಲೆಟ್ ಸಾಲಿಗೆ ತಂದು, ಸಿಕ್ಕಿದ್ದನ್ನು ಕ್ಲೋನ್ ಮಾಡಿಟ್ಟುಕೊಂಡೆ. ಸೆಮಿಕೋಲನ್ ಬಂದ ಕೂಡಲೇ ಗಾರ್ಡ್ ಹೋಯಿತು, ಪ್ರೋಗ್ರಾಂ ಓಡಿತು.

2025ರ ಫೆಬ್ರವರಿಯಲ್ಲಿ 1.85 ಆವೃತ್ತಿಯ ಜೊತೆ ಬಂದ 2024ರ ಎಡಿಷನ್‌ನಲ್ಲಿ ಎಲ್ಸ್‌ಗೆ ಹೋಗುವ ಮೊದಲೇ ಗಾರ್ಡ್ ಡ್ರಾಪ್ ಆಗುತ್ತದೆ. ಇಫ್ ಲೆಟ್ ಬದಲು ಮ್ಯಾಚ್ ಬಳಸಿದರೆ ಮಾತ್ರ ಹಳೇ ಕಥೆಯೇ. ಅಲ್ಲಿ ಈಗಲೂ ಲಾಕನ್ನು ಹೊರಗಿನ ಸಾಲಿಗೇ ತರಬೇಕು.