ಇಯರ್‌ಫೋನ್‌ನಲ್ಲಿ ಬಾಸ್ ಬರ್ತಿಲ್ವಾ? ಮೊದಲು ಟಿಪ್ ಬದಲಿಸಿ ನೋಡಿ

ಹೊಸ ಇಯರ್‌ಫೋನ್ ಹಾಕಿದ ತಕ್ಷಣ ಸೌಂಡ್ ತೆಳ್ಳಗಿದೆ ಅನಿಸಿದರೆ, ಸುಮ್ನೆ ವಾಪಸ್ ಮಾಡಬೇಡಿ. ಹೆಚ್ಚಿನ ಸಲ ತೊಂದರೆ ಇರುವುದು ಕಿವಿಯೊಳಗೆ ಕೂರುವ ಮೆತ್ತನೆಯ ತುದಿಯಲ್ಲಿ, ಅಂದರೆ ಟಿಪ್‌ನಲ್ಲಿ. ಕಿವಿ ಮತ್ತು ಟಿಪ್ ನಡುವೆ ಸಣ್ಣ ಸಂದು ಉಳಿದರೂ ಬಾಸ್ (ಹಾಡಿನ ತಗ್ಗು ದನಿ) ಅಲ್ಲಿಂದ ಸೋರಿಹೋಗುತ್ತದೆ. ಹೊರಗಿನ ಗಲಾಟೆಯೂ ಒಳಗೆ ಬರುತ್ತದೆ. ಆಗ ನಾವು ವಾಲ್ಯೂಮ್ ಜಾಸ್ತಿ ಮಾಡುತ್ತೇವೆ, ಅದು ಕಿವಿಗೆ ಒಳ್ಳೆಯದಲ್ಲ.

ಡಬ್ಬಿಯಲ್ಲಿ ಬಂದ ಎಲ್ಲ ಸೈಜ್‌ಗಳನ್ನೂ ಹಾಕಿ ನೋಡಿ. ಎರಡೂ ಕಿವಿ ಒಂದೇ ಅಳತೆ ಇರಬೇಕೆಂದಿಲ್ಲ. ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಸ್ಮಾಲ್ ಬೇಕು. ಇದು ಗೊತ್ತಾಗುವವರೆಗೆ ಬಲಗಡೆ ಯಾವಾಗಲೂ ನೋವು.

ಹಾಕುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗ ಹಿಡಿದು, ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ನೇರವಾಗುತ್ತದೆ, ಟಿಪ್ ಸ್ವಲ್ಪ ತಿರುಗಿಸಿದರೆ ಸರಿಯಾಗಿ ಕೂರುತ್ತದೆ. ಫೋಮ್ ಟಿಪ್ ಆದರೆ ಬೆರಳಲ್ಲಿ ಹಿಸುಕಿ ಒಳಗಿಟ್ಟು, ಅದು ಉಬ್ಬುವ ತನಕ ಅರ್ಧ ನಿಮಿಷ ಹಾಗೇ ಹಿಡಿದಿರಿ. ಬಾಸ್ ಇರುವ ಹಾಡು ಹಾಕಿಕೊಂಡೇ ಇದನ್ನೆಲ್ಲ ಮಾಡಿ. ಸರಿಯಾಗಿ ಕೂತ ಕ್ಷಣವೇ ವ್ಯತ್ಯಾಸ ಗೊತ್ತಾಗುತ್ತದೆ. ನೋವಾಗುವಷ್ಟು ಮಾತ್ರ ಒತ್ತಬೇಡಿ.

ನಡೆಯುವಾಗ ವೈರ್ ತಾಗಿ ಟಕಟಕ ಅಂದರೆ, ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಿ.

ಒಂದೇ ಕಡೆ ಸೌಂಡ್ ಕಮ್ಮಿಯಾದರೆ ಇಯರ್‌ಫೋನ್‌ನಲ್ಲಿ ಸೌಂಡ್ ಹೊರಬರುವ ಕಡೆ ಇರುವ ಜಾಲರಿ ನೋಡಿ, ಗುಗ್ಗೆ ಕಟ್ಟಿಕೊಂಡಿರಬಹುದು. ಒಣ ಬ್ರಷ್‌ನಿಂದ, ಜಾಲರಿ ಕೆಳಮುಖ ಇಟ್ಟು ಉಜ್ಜಿ. ಸಿಲಿಕಾನ್ ಟಿಪ್ ಬಿಚ್ಚಿ ಸೋಪ್ ನೀರಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೆಯೇ ಹಾಕಿ.